ಹಿತ್ತಲ ಎಂಜಿನ್ನು

ಭಾನುವಾರ ಬೆಳಿಗ್ಗೆ ವಸುಧಾ ಅಡುಗೆಮನೆಗೆ ಹೋದಾಗ ಚಮಚಗಳೆಲ್ಲ ಕೊನೆಯ ಬಸ್ಸು ತಪ್ಪಿದ ಪ್ರಯಾಣಿಕರ ಹಾಗೆ ಕಟ್ಟೆಯ ಮೇಲೆ ಅಡ್ಡಾದಿಡ್ಡಿ ಒರಗಿಕೊಂಡಿದ್ದವು. ಅವುಗಳನ್ನು ನಿಲ್ಲಿಸಿಡುವ ತೂತು ತೂತಿನ ಸ್ಟೀಲ್ ಡಬ್ಬಿ ಕಾಣೆಯಾಗಿತ್ತು.

ಅವಳು ಹುಡುಕುವ ಗೋಜಿಗೆ ಹೋಗಲಿಲ್ಲ. ಆ ಮನೆಯಲ್ಲಿ ಏನು ಕಳೆದರೂ ಎಲ್ಲಿ ಸಿಗುತ್ತದೆಂದು ಅವಳಿಗೆ ಗೊತ್ತಿತ್ತು. ನೆಟ್ಟಗೆ ಹಿತ್ತಲ ಶೆಡ್ಡಿಗೆ ಹೋಗಿ ಬಾಗಿಲಲ್ಲಿ ನಿಂತಳು.

“ಅಲ್ರೀ, ಚಮಚದ ಸ್ಟ್ಯಾಂಡ್ ಎಲ್ಲದ?”

ಜಯಂತ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು ಪಾನ ಹಿಡಿದು ಯಾವುದೋ ಬೋಲ್ಟು ಬಿಗಿಯುತ್ತಿದ್ದ. ತಿರುಗಿ ನೋಡದೆಯೇ, “ಒಳಗದ” ಎಂದ.

“ಒಳಗ ಇಲ್ಲ. ನಾ ಒಳಗಿಂದನ ಬಂದೀನಿ.”

“ಮನಿ ಒಳಗ ಅಲ್ಲ. ಎಂಜಿನ್ ಒಳಗ.”

ವಸುಧಾ ಒಳಗೆ ಬಂದು ಬಗ್ಗಿ ಎಂಜಿನ್ನನ್ನು ನೋಡಿದಳು.

ಜಯಂತ ರೋಣದ ಒಂದು ಸೊಸೈಟಿಯಲ್ಲಿ ಗುಮಾಸ್ತ. ಗಜೇಂದ್ರಗಡದಿಂದ ದಿನಾಲು ಬಸ್ಸಿನಲ್ಲಿ ಹೋಗಿಬರುತ್ತ ಮೊಬೈಲಿನಲ್ಲಿ ಅದೂ ಇದೂ ನೋಡುತ್ತಿದ್ದ. ಹಾಗೆ ನೋಡುವಾಗ ಒಮ್ಮೆ ಯಾವುದೋ ದೇಶದ ಗಡ್ಡದವನೊಬ್ಬ ತನ್ನ ಮನೆಯ ಶೆಡ್ಡಿನಲ್ಲಿ ಕುಂಬಳಕಾಯಿ ಗಾತ್ರದ ಜೆಟ್ ಎಂಜಿನ್ ಮಾಡಿ ಓಡಿಸಿದ್ದು ಕಣ್ಣಿಗೆ ಬಿತ್ತು. ಅಂದಿನಿಂದ ಜಯಂತನ ಭಾನುವಾರಗಳೆಲ್ಲ ಶೆಡ್ಡಿನ ಪಾಲಾದವು. ಅವನು ವಿಮಾನ ಹತ್ತಿದವನಲ್ಲ, ಹತ್ತಬೇಕೆಂಬ ಆಸೆಯೂ ಇರಲಿಲ್ಲ. ಅವನನ್ನು ಹಿಡಿದದ್ದು ಬೇರೆಯೇ ಸಂಗತಿ. ಮುಂದಿನ ಚಕ್ರ ಗಾಳಿ ಎಳೆಯುತ್ತದೆ, ಗಾಳಿಗೆ ಗ್ಯಾಸು ಸೇರಿ ಬೆಂಕಿ ಹತ್ತುತ್ತದೆ, ಬಿಸಿಗಾಳಿ ನುಗ್ಗಿ ಹಿಂದಿನ ಚಕ್ರ ತಿರುಗಿಸುತ್ತದೆ, ಆ ಚಕ್ರ ಮತ್ತೆ ಮುಂದಿನ ಚಕ್ರವನ್ನು ತಿರುಗಿಸುತ್ತದೆ. ಒಮ್ಮೆ ಹೊತ್ತಿಕೊಂಡರೆ ಸಾಕು, ಯಾರೂ ನೂಕಬೇಕಿಲ್ಲ. ತಾನಾಗಿಯೇ ಓಡುವ ಒಂದು ವಸ್ತುವನ್ನೂ ತನ್ನ ಆಫೀಸಿನಲ್ಲಿ ಕಾಣದ ಜಯಂತನಿಗೆ ಇದು ಪವಾಡದ ಹಾಗೆ ತೋರಿತ್ತು.

ಹಳೇ ಸಾಮಾನಿನ ಖಾದರನ ರಾಶಿಯಲ್ಲಿ ಒಂದು ಲಾರಿಯ ಟರ್ಬೊ ಸಿಕ್ಕಿತು. ಲಾರಿ ಎಂಜಿನ್ನಿಗೆ ಗಾಳಿ ತುಂಬುವ, ಬಸವನಹುಳುವಿನ ಆಕಾರದ ಆ ಕಬ್ಬಿಣದ ಗಡ್ಡೆಗೆ ಎರಡು ಚಕ್ರಗಳು ಮೊದಲೇ ಇದ್ದವು. ನಡುವೆ ಬೆಂಕಿ ಉರಿಯುವ ಡಬ್ಬಿಯೊಂದನ್ನು ಕೂರಿಸಿದರೆ ಮುಗಿಯಿತು. ಅದಕ್ಕೆ ಬೆಂಕಿ ಆರಿಸುವ ಸಿಲಿಂಡರಿನ ಖಾಲಿ ಚಿಪ್ಪು ಬಂತು, ಸ್ಕೂಟರಿನ ಸ್ಪಾರ್ಕ್ ಪ್ಲಗ್ಗು ಬಂತು. ಬೆಂಕಿಗೆ ನಾಲ್ಕೂ ಕಡೆಯಿಂದ ಗಾಳಿ ಸಿಗಲು ಒಳಗೊಂದು ತೂತಿನ ಕೊಳವೆ ಬೇಕಾಗಿತ್ತು. ತೂತು ಕೊರೆದು ಕೊರೆದು ಸೋತ ಜಯಂತ ಶನಿವಾರ ಊಟಕ್ಕೆ ಕೂತಾಗ ಚಮಚದ ಸ್ಟ್ಯಾಂಡನ್ನು ಬಹಳ ಹೊತ್ತು ನೋಡಿದ್ದ. ವಸುಧಾ ಅದನ್ನು ಗಮನಿಸಿದ್ದಳು. ಏನೋ ಪ್ರೀತಿಯ ಮಾತು ಹೇಳಲು ತಡವರಿಸುತ್ತಿದ್ದಾನೆ ಎಂದುಕೊಂಡಿದ್ದಳು.

“ನೋಡ್ರಿ,” ಎಂದಳು ಈಗ. “ನನ್ನ ಹೊಲಿಗಿ ಮಷಿನ್ ಬಾಗಲದಾಗ ಕೂತದ. ಬಂದವರೆಲ್ಲ ಅದಕ್ಕ ಎಡವಿ ಒಳಗ ಬರ್ತಾರ. ಸಂಜಿತನಾ ಟೈಮ್ ಕೊಡ್ತೀನಿ. ಇದು ಓಡಿದ್ರ ಶೆಡ್ಡು ನಿಮ್ದು, ನಾ ಮತ್ತ ಬಾಯಿ ತಗಿಯೂದಿಲ್ಲ. ಓಡಲಿಲ್ಲ ಅಂದ್ರ ಇದು ಖಾದರನ ಟಂಟಂದಾಗ ಹೋಗ್ತದ, ನನ್ನ ಮಷಿನ್ ಇಲ್ಲಿ ಬರ್ತದ.”

“ಸಂಜಿ ಅಂದ್ರ ಎಷ್ಟೊತ್ತಿಗೆ?”

“ಖಾದರ ಎಷ್ಟೊತ್ತಿಗೆ ಬರ್ತಾನೋ ಅಷ್ಟೊತ್ತಿಗೆ. ಫೋನ್ ಮಾಡಲಿಕ್ಕೆ ಹೊಂಟೀನಿ.”

ನ್ಯಾಯವಾಗಿಯೇ ಇತ್ತು. ಜಯಂತ ಒಪ್ಪಿದ. ಅವನಿಗೆ ಇನ್ನು ಬೇಕಾಗಿದ್ದು ಎರಡೇ ಎರಡು: ಚಕ್ರವನ್ನು ಮೊದಲಿಗೆ ತಿರುಗಿಸಿ ಕೊಡುವ ಗಾಳಿ, ಉರಿಯಲು ಗ್ಯಾಸು.

ಗಾಳಿಗಾಗಿ ಪಕ್ಕದ ಮನೆಯ ಗುರುಸಂಗಪ್ಪನವರ ಹತ್ತಿರ ಹೋದ. ಅವರ ಮಗ ಬೈಕ್ ತೊಳೆಯುವ ಅಂಗಡಿ ಇಟ್ಟಿದ್ದ. ತೊಳೆದ ಬೈಕಿನ ನೀರು ಹಾರಿಸುವ ದೊಡ್ಡ ಬ್ಲೋವರು ಭಾನುವಾರ ಮನೆಯಲ್ಲೇ ಇರುತ್ತಿತ್ತು. ಗುರುಸಂಗಪ್ಪ ನಿವೃತ್ತ ಬಸ್ ಡ್ರೈವರು, ಇಳಕಲ್ಲಿನಿಂದ ಹುಬ್ಬಳ್ಳಿಯವರೆಗಿನ ತಗ್ಗುಗಳನ್ನೆಲ್ಲ ಹೆಸರು ಹಿಡಿದು ಕರೆಯಬಲ್ಲವರು. ಯಾವ ಯಂತ್ರ ಕೆಟ್ಟರೂ ಅವರು ಹೇಳುವ ರೋಗ ಒಂದೇ, ಏರ್ ಲಾಕ್. ಮೊಮ್ಮಗ ಗಣಿತದಲ್ಲಿ ನಪಾಸಾದಾಗಲೂ ಅದನ್ನೇ ಹೇಳಿದ್ದರು.

“ಬ್ಲೋವರ್ ಒಯ್ರಿ, ಜಯಂತರಾವ್. ಆದ್ರ ಮಗಗ ಗೊತ್ತಾಗಬಾರದು. ಅದರ ಮ್ಯಾಲೆ ಒಂದ ಕಣ್ಣ ಇರಬೇಕಲ್ಲ, ನಾನೂ ಬರ್ತೀನಿ ನಡ್ರಿ,” ಎಂದು ಚಪ್ಪಲಿ ಮೆಟ್ಟಿಕೊಂಡೇ ಬಿಟ್ಟರು.

ಅಡುಗೆಮನೆಯ ಸಿಲಿಂಡರನ್ನು ವಸುಧಾ ಮುಟ್ಟಗೊಡುವಂತಿರಲಿಲ್ಲ. ಎದುರುಮನೆಯ ಸರಸ್ವತಿಬಾಯಿಯ ಹತ್ತಿರ ಇನ್ನೊಂದು ತುಂಬಿದ ಸಿಲಿಂಡರ್ ಇತ್ತು.

“ಏನ ಮಾಡ್ಲಿಕ್ಕೆ ಹತ್ತೀಯೋ ಜಯಂತಾ?”

“ಜೆಟ್ ಎಂಜಿನ್, ಕಾಕು.”

“ಏನ ಮಾಡ್ತದ ಅದು?”

“ಓಡ್ತದ.”

“ಎಲ್ಲಿಗೆ?”

“ಎಲ್ಲಿಗೂ ಇಲ್ಲ. ಇದ್ದಲ್ಲೇ ಓಡ್ತದ.”

“ಹಂಗಾದ್ರ ನಿನ್ನ ನೌಕರಿ ಇದ್ದಾಂಗ,” ಎಂದು ಸರಸ್ವತಿಬಾಯಿ ಸೆರಗು ಸಿಕ್ಕಿಸಿಕೊಂಡರು. “ಒಯ್ಯಿ. ಆದ್ರ ತುಂಬಿದ ಸಿಲಿಂಡರನ್ನ ಒಂದನ್ನ ಮಂದಿ ಮನಿಗೆ ಕಳಸಲಿಕ್ಕೆ ಆಗೂದಿಲ್ಲಪಾ. ನಾನೂ ಬರ್ತೀನಿ.”

ಹೀಗೆ ಬ್ಲೋವರಿನೊಡನೆ ಬ್ಲೋವರಿನ ಯಜಮಾನರು, ಸಿಲಿಂಡರಿನೊಡನೆ ಸಿಲಿಂಡರಿನ ಯಜಮಾನಿ ಶೆಡ್ಡಿಗೆ ಬಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ಸರಸ್ವತಿಬಾಯಿ ಒಂದು ಕೈಯನ್ನು ಸಿಲಿಂಡರಿನ ನೆತ್ತಿಯ ಮೇಲೆ ಇಟ್ಟೇ ಇದ್ದರು, ಸಂತೆಯಲ್ಲಿ ಕರುವಿನ ಹಗ್ಗ ಹಿಡಿದವರ ಹಾಗೆ. ವಸುಧಾ ಮೊದಲನೆಯ ಸುತ್ತಿನ ಚಹ ತಂದಿಟ್ಟು ಹೋದಳು.

“ಮೊದ್ಲ ಬರೇ ಗಾಳಿ ಬಿಟ್ಟ ನೋಡೋಣ,” ಎಂದ ಜಯಂತ. ಗ್ಯಾಸು ಜೋಡಿಸಲಿಲ್ಲ. ಬ್ಲೋವರಿನ ಬಾಯನ್ನು ಎಂಜಿನ್ನಿನ ಬಾಯಿಗೆ ಹಿಡಿದು ಗುಂಡಿ ಒತ್ತಿದ. ಚಕ್ರಗಳು ಸುಯ್ ಎಂದು ತಿರುಗತೊಡಗಿದವು. ಶಬ್ದ ಸಣ್ಣಗೆ, ಇನ್ನೂ ಸಣ್ಣಗೆ ಆಗುತ್ತ ಮೇಲಕ್ಕೇರಿತು. ಗಾಳಿ ಹಿಂಬದಿಯಿಂದ ಹೊರಟು ಹಿಂದಿನ ಕಿಟಕಿಯಲ್ಲಿ ಪಾರಾಗಿ ಹೋಯಿತು. ಜಯಂತನ ಮುಖ ಅರಳಿತು.

ಆ ಕಿಟಕಿಯ ಕೆಳಗೆ ಮಕ್ತುಮಬಿಯ ಅಂಗಳವಿತ್ತು. ಅವಳು ಖಾರಪುಡಿ ಮಾಡಿ ಮಾರುವವಳು. ಅದೇ ತಾನೆ ಗಿರಣಿಯಿಂದ ಹೊಸ ಖಾರ ಬೀಸಿಕೊಂಡು ಬಂದು, ಆರಲೆಂದು ಧೋತರದ ಮೇಲೆ ತೆಳ್ಳಗೆ ಹರವಿ ಒಳಗೆ ಹೋಗಿದ್ದಳು.

ಮೊದಲು ಸೀನಿದ್ದು ಗುರುಸಂಗಪ್ಪ. ಆಮೇಲೆ ಸರಸ್ವತಿಬಾಯಿ, ಸಿಲಿಂಡರಿನ ಮೇಲಿನ ಕೈ ತೆಗೆಯದೆ. ಆಮೇಲೆ ಸೀನು ಮನೆಯಿಂದ ಮನೆಗೆ ದಾಟುತ್ತ ಓಣಿಯ ತುದಿಯವರೆಗೆ ಹೋಯಿತು. ದಾರಿಯಲ್ಲಿ ಹೋಗುತ್ತಿದ್ದ ಎಮ್ಮೆಯೂ ಸೀನದೆ ಬಿಡಲಿಲ್ಲ. ವಸುಧಾ ಕೆಂಪು ಕಣ್ಣು ಮಾಡಿಕೊಂಡು ಓಡಿಬಂದು, “ನಿಮಗ ಬುದ್ಧಿ...” ಎಂದು ಸೀನಿದಳು, “ಅನ್ನೂದು...” ಎಂದು ಇನ್ನೊಮ್ಮೆ ಸೀನಿದಳು, ಉಳಿದದ್ದನ್ನು ಕೈಸನ್ನೆಯಲ್ಲಿ ಹೇಳಿ ಹೋದಳು.

ಮಕ್ತುಮಬಿ ಖಾಲಿ ಧೋತರ ಹೆಗಲ ಮೇಲೆ ಹಾಕಿಕೊಂಡು ಶೆಡ್ಡಿಗೆ ಬಂದಳು.

“ಜಯಂತಣ್ಣಾ, ನನ್ನ ಖಾರ ಎಲ್ಲೈತಿ?”

ಜಯಂತ ಸುತ್ತಲ ಗಾಳಿಯನ್ನು ನೋಡಿದ. “ಇಲ್ಲೇ ಐತಿ, ಮಕ್ತುಮಬಿ. ಎಲ್ಲಾ ಕಡೆ ಐತಿ. ಮುಂದಿನ ವಾರ ನಾನ ಮೆಣಸಿನಕಾಯಿ ತಂದು ಬೀಸಿಸಿ ಕೊಡ್ತೀನಿ.”

“ಕೊಡೂದ ಕೊಡ್ತಿ. ಅಲ್ಲೀತನಾ ಮನ್ಯಾಗ ಕುಂತ ನಾ ಏನ ಮಾಡ್ಲಿ? ಇದೇನೈತಿ ನೋಡತೀನಿ,” ಎಂದು ಅವಳೂ ಒಂದು ಕುರ್ಚಿ ಎಳೆದುಕೊಂಡಳು. ವಸುಧಾ ಎರಡನೆಯ ಸುತ್ತಿನ ಚಹಕ್ಕೆ ಇನ್ನೊಂದು ಲೋಟ ಸೇರಿಸಿದಳು.

ಎಂಜಿನ್ನನ್ನು ತಿರುಗಿಸುವುದು ಅನಿವಾರ್ಯವಾಯಿತು. ಶೆಡ್ಡಿನ ಬಾಗಿಲು ಗುಡ್ಡದ ಕಡೆಗಿತ್ತು. ಬಾಗಿಲಿಗೂ ಗುಡ್ಡದ ಬಂಡೆಗಳಿಗೂ ನಡುವೆ ಜಾಲಿಕಂಟಿ ಬಿಟ್ಟರೆ ಏನೂ ಇರಲಿಲ್ಲ. ಎಂಜಿನ್ನಿನ ಬಾಲ ಆ ದಿಕ್ಕಿಗೆ ಬರುವ ಹಾಗೆ ಜಯಂತ ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದ. ಅಷ್ಟರಲ್ಲಿ ಮಧ್ಯಾಹ್ನ ಜಾರಿತು. ಕುರ್ಚಿಯ ಮೂವರೂ ಮನೆಗೆ ಹೋಗಿ ಉಂಡು, ತೇಗುತ್ತ ಮರಳಿ ಬಂದು ತಮ್ಮ ತಮ್ಮ ಜಾಗ ಹಿಡಿದರು.

ಎರಡನೆಯ ಸಲ ಎಲ್ಲವೂ ಸರಿಯಾಗಿಯೇ ಶುರುವಾಯಿತು. ಬ್ಲೋವರು ಕೂಗಿತು, ಚಕ್ರ ತಿರುಗಿತು, ಸ್ಪಾರ್ಕು ಚಟಚಟ ಎಂದಿತು. ಜಯಂತ ಗ್ಯಾಸಿನ ಕಿವಿ ತಿರುವಿದ. ಡಬ್ಬಿಯೊಳಗೆ ಭಕ್ ಎಂದು ಬೆಂಕಿ ಹತ್ತಿಕೊಂಡಿತು. ಆಗ ಕರೆಂಟು ಹೋಯಿತು.

ಬ್ಲೋವರು ನಿಂತಿತು. ಹಿಂದಕ್ಕೆ ಹೋಗಬೇಕಾದ ಬೆಂಕಿಗೆ ಮುಂದಿನ ದಾರಿ ಹತ್ತಿರವೆನಿಸಿತು. ಬಗ್ಗಿ ನೋಡುತ್ತಿದ್ದ ಜಯಂತನ ಮುಖವನ್ನು ಒಮ್ಮೆ ಸವರಿ ಒಳಗೆ ಹೋಯಿತು. ಗ್ಯಾಸು ಬಂದ್ ಮಾಡಿ ಅವನು ತಲೆಯೆತ್ತಿದಾಗ ಎಡಗಡೆಯ ಹುಬ್ಬು ಇರಲಿಲ್ಲ. ಮೀಸೆಯ ಎಡಭಾಗ ಸುಟ್ಟ ಹಪ್ಪಳದ ಹಾಗೆ ಸುರುಟಿಕೊಂಡಿತ್ತು. ಬ್ಲೋವರಿನ ಪ್ಲಾಸ್ಟಿಕ್ ಮೂತಿ ಕರಗಿ ಕೆಳಗೆ ಜೋತುಬಿದ್ದಿತ್ತು.

“ಏರ್ ಲಾಕ್,” ಎಂದರು ಗುರುಸಂಗಪ್ಪ. ಬಳಿಕ ಬ್ಲೋವರನ್ನು ಕಂಡು, “ನನ್ನ ಮಗಗ ಏನಂತ ಹೇಳ್ಲಿ?” ಎಂದು ಕುರ್ಚಿಯಲ್ಲಿ ಕುಸಿದರು.

“ಸಿಲಿಂಡರ್ ಮುಚ್ಚೋ ಮೊದ್ಲ,” ಎಂದು ಸರಸ್ವತಿಬಾಯಿ ತಾವೇ ರೆಗ್ಯುಲೇಟರ್ ಕಿತ್ತು ಸೆರಗಿನಲ್ಲಿ ಗಂಟು ಹಾಕಿಕೊಂಡರು.

“ಅಣ್ಣಾ, ಅರ್ಧ ಮೀಸಿ ಚಲೋ ಕಾಣಂಗಿಲ್ಲ. ಆ ಕಡಿದೂ ತಗದ ಬಿಡು,” ಎಂದಳು ಮಕ್ತುಮಬಿ.

ಹೊರಗೆ ಖಾದರನ ಮೂರು ಗಾಲಿಯ ಟಂಟಂ ಬಂದು ನಿಂತ ಸದ್ದಾಯಿತು.

ಖಾದರ ಒಳಗೆ ಬಂದು ಎಂಜಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಒಂದು ಬೆರಳು ತಾಗಿಸಿ ಹಿಂದೆ ತೆಗೆದುಕೊಂಡ. “ಸುಡಾಕತ್ತೈತ್ರಿ ಸಾಹೇಬ್ರ. ಈಗ ಹೇರಿದ್ರ ನನ್ನ ಗಾಡಿ ಹಾಸಿಗಿ ಹೊತ್ತಿಗೊಂತೈತಿ. ಆರ್ಲಿ.”

“ಆರೂತನಾ ಇಲ್ಲಿ ಯಾರೂ ಕೂಡೂದ ಬ್ಯಾಡ,” ಎಂದಳು ವಸುಧಾ. ಗಂಡನ ಹುಬ್ಬಿಲ್ಲದ ಮುಖ ನೋಡಿ ಅವಳ ಎದೆ ನಿಜಕ್ಕೂ ಹಾರಿತ್ತು. “ಮತ್ತೇನರ ಹಾರಿದ್ರ ಯಾರ ಜವಾಬ್ದಾರಿ? ಎಲ್ಲಾರೂ ಬೇವಿನ ಕಟ್ಟಿಗೆ ನಡ್ರಿ, ಚಹಾ ಅಲ್ಲೇ ತರ್ತೀನಿ. ನೀವೂ ಬರ್ರಿ.”

“ನೀವ ನಡೀರಿ. ನಾ ಇದನ್ನೆಲ್ಲಾ ಬಿಚ್ಚಿ ಇಡ್ತೀನಿ,” ಎಂದ ಜಯಂತ.

ಅವಳು ಒಂದು ಗಳಿಗೆ ಅನುಮಾನಿಸಿದಳು. ಆಮೇಲೆ, ಪಾಪ, ಒಬ್ಬನೇ ಇದ್ದು ಬೀಳ್ಕೊಡಲಿ ಎಂದುಕೊಂಡು ಥರ್ಮಾಸು ಹಿಡಿದು ಹೊರಟಳು. ಎಲ್ಲರೂ ಓಣಿಯ ತುದಿಯ ಬೇವಿನ ಕಟ್ಟೆಗೆ ಹೋದರು.

ಜಯಂತ ಒಂದು ಬೋಲ್ಟಿಗೆ ಪಾನ ಹಾಕಿದ. ಆಗ ತಲೆಯ ಮೇಲಿನ ಬಲ್ಬು ಹತ್ತಿತು. ಕರೆಂಟು ಬಂದಿತ್ತು.

ಅವನು ಬಲ್ಬನ್ನು ನೋಡಿದ, ಎಂಜಿನ್ನನ್ನು ನೋಡಿದ, ಖಾಲಿ ಕುರ್ಚಿಗಳನ್ನು ನೋಡಿದ. ಪಾನ ಕೆಳಗಿಟ್ಟ. ಬ್ಲೋವರಿನ ಜೋತುಬಿದ್ದ ಮೂತಿಗೆ ಒದ್ದೆ ಟವೆಲ್ಲು ಸುತ್ತಿ ದಾರ ಕಟ್ಟಿದ. ರೆಗ್ಯುಲೇಟರು ಸರಸ್ವತಿಬಾಯಿಯ ಸೆರಗಿನಲ್ಲಿ ಕಟ್ಟೆಗೆ ಹೋಗಿತ್ತು. ಕಳ್ಳಹೆಜ್ಜೆಯಲ್ಲಿ ತನ್ನ ಮನೆಯ ಅಡುಗೆಮನೆಗೇ ಹೋಗಿ ಅಲ್ಲಿಯದನ್ನು ಕಿತ್ತುತಂದ.

ಗಾಳಿ, ಸ್ಪಾರ್ಕು, ಗ್ಯಾಸು. ಡಬ್ಬಿಯೊಳಗೆ ಬೆಂಕಿ ಹತ್ತಿತು. ಮೊದಲು ಹಸಿದ ಹೊಟ್ಟೆಯ ಹಾಗೆ ಗುರುಗುಟ್ಟಿತು. ಆಮೇಲೆ ಒಲೆಯ ಮೇಲಿನ ಹಾಲು ಉಕ್ಕುವ ಹಾಗೆ ಸದ್ದು ಮೇಲೇರಿತು, ಏರುತ್ತಲೇ ಹೋಯಿತು. ಶೆಡ್ಡಿನ ತಗಡು ನಡುಗಿತು, ಗೂಟದ ಮೇಲಿನ ಅಂಗಿ ಬಾಗಿಲಿನ ಕಡೆಗೆ ಹಾರಿತು. ಜಯಂತ ಉಸಿರು ಬಿಗಿಹಿಡಿದು ಬ್ಲೋವರನ್ನು ಹಿಂದಕ್ಕೆ ಎಳೆದ.

ಎಂಜಿನ್ನು ನಿಲ್ಲಲಿಲ್ಲ.

ಯಾರೂ ಊದುತ್ತಿರಲಿಲ್ಲ, ಯಾರೂ ತಿರುಗಿಸುತ್ತಿರಲಿಲ್ಲ. ಅದು ತನ್ನ ಗಾಳಿಯನ್ನು ತಾನೇ ಎಳೆದುಕೊಂಡು ತನ್ನ ಬೆಂಕಿಯನ್ನು ತಾನೇ ಉಗುಳುತ್ತ ಓಡುತ್ತಿತ್ತು. ಬಾಲದ ಕೊಳವೆ ನಿಧಾನವಾಗಿ ಬಣ್ಣ ತಿರುಗಿ ಸಿಂಧೂರದ ಹಾಗೆ ಕೆಂಪಾಯಿತು. ಜಯಂತ ಏನೋ ಕೂಗಿದ, ಏನು ಕೂಗಿದನೆಂದು ಅವನಿಗೇ ಕೇಳಿಸಲಿಲ್ಲ. ಕಣ್ಣಲ್ಲಿ ನೀರು ಬಂತು. ಖಾರದಿಂದ ಬಂದದ್ದಲ್ಲ.

ಈಗ ಬರುತ್ತಾರೆ ಎಂದುಕೊಂಡು ಕಾದ. ಬೆಳಿಗ್ಗೆಯಿಂದ ಕರೆಯದೆ ಬಂದ ಮಂದಿ, ಇಷ್ಟು ಸದ್ದಿಗೆ ಬಾರದೆ ಇರುತ್ತಾರೆಯೇ? ಯಾರೂ ಬರಲಿಲ್ಲ. ತಡೆಯಲಾರದೆ ಮನೆಯೊಳಗಿಂದ ಓಡಿ ಮುಂಬಾಗಿಲಿಗೆ ಬಂದ. ಓಣಿ ಬಿಕೋ ಎನ್ನುತ್ತಿತ್ತು. ತುದಿಯಲ್ಲಿ, ಬೇವಿನ ಕಟ್ಟೆಯ ಮೇಲೆ, ಎಲ್ಲರೂ ಅವನಿಗೆ ಬೆನ್ನು ಮಾಡಿ ಹಣೆಗೆ ಕೈಯಿಟ್ಟು ಗುಡ್ಡದ ಮೇಲಿನ ಆಕಾಶ ನೋಡುತ್ತ ನಿಂತಿದ್ದರು. ಎಂಜಿನ್ನಿನ ಸದ್ದು ನೇರ ಹೋಗಿ ಬಂಡೆಗೆ ಬಡಿದು, ಅಲ್ಲಿಂದ ಇಡೀ ಊರಿನ ಮೇಲೆ ಮೊಳಗುತ್ತಿತ್ತು.

“ವಸುಧಾ, ಇಲ್ಲೇ, ಇಲ್ಲಿ ನೋಡು,” ಎಂದು ಜಯಂತ ಕೈಬೀಸಿ ಕೂಗಿದ. ಯಾರೂ ತಿರುಗಲಿಲ್ಲ. ಗುರುಸಂಗಪ್ಪ ಮೊಮ್ಮಗನಿಗೆ ತೋರಿಸುವ ಹಾಗೆ ಆಕಾಶದಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಿದ್ದರು.

ಅಷ್ಟರಲ್ಲಿ ಹಿತ್ತಲಿನಿಂದ ತಗಡು ಹರಿದಂಥ ಕಿರುಚು ಕೇಳಿಸಿತು. ಜಯಂತ ಓಡಿದ. ಬೇರಿಂಗಿಗೆ ಎಣ್ಣೆ ಹೋಗುವ ಪೈಪು ಕಳಚಿ ಬಿದ್ದು ಹೊಗೆಯಾಡುತ್ತಿತ್ತು. ಅವನು ಗ್ಯಾಸಿಗೆ ಕೈ ಹಾಕುವ ಮೊದಲೇ ಖಟ್ ಎಂದು ಒಂದು ಸದ್ದಾಗಿ ಎಲ್ಲವೂ ನಿಂತಿತು. ಅವನು ಗ್ಯಾಸು ಬಂದ್ ಮಾಡಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವ ಮೌನ ಉಳಿಯಿತು.

ಅವರೆಲ್ಲ ಒಟ್ಟಿಗೇ ಮಾತಾಡುತ್ತ ಬಂದರು.

“ಜಯಂತರಾವ್, ಎಂಥಾ ಚಾನ್ಸ ಕಳಕೊಂಡ್ರಿ,” ಎಂದರು ಗುರುಸಂಗಪ್ಪ. “ವಿಮಾನ ಬಂದಿತ್ತು. ಗುಡ್ಡದ ನೆತ್ತಿ ಮ್ಯಾಲೆ, ಇಷ್ಟ ಕೆಳಗ. ಎರಡ ಎಂಜಿನ್ನಿಂದು, ಆವಾಜ ಮ್ಯಾಲೆ ಹೇಳತೀನಿ. ಅದಕ್ಕಂತಾರ ನೋಡ್ರಿ ಎಂಜಿನ್ ಅಂತ.”

“ಕಿಡಿಕಿ ಸೈತ ಕಾಣ್ತಿದ್ವು,” ಎಂದಳು ಮಕ್ತುಮಬಿ. “ಒಳಗ ಒಬ್ಬಾಕಿ ಹೆಣ್ಮಗಳು ಕುಂತಿದ್ಲು.”

“ಹುಬ್ಬಳ್ಳಿಗೆ ಇಳೀತೈತಿ ಅದು,” ಎಂದ ಖಾದರ.

ಜಯಂತ ವಸುಧಾಳ ಮುಖ ನೋಡಿದ. “ನೀನೂ ನೋಡಿದ್ಯಾ?”

“ನನಗ ನೆಟ್ಟಗ ಕಾಣಲಿಲ್ಲ. ಆದ್ರ ಮಿಂಚಿದ್ದು ಕಂಡ್ತು,” ಎಂದಳು ಅವಳು.

“ವಸುಧಾ, ಅದು ವಿಮಾನ ಅಲ್ಲ. ಇದು. ಇದು ಓಡ್ತು. ತಾನಽ ಓಡ್ತು.”

ಎಲ್ಲರೂ ಎಂಜಿನ್ನಿನ ಕಡೆ ನೋಡಿದರು. ಅದು ಮಸಿ ಬಳಿದುಕೊಂಡು ಸುಟ್ಟ ಎಣ್ಣೆಯ ವಾಸನೆ ಬಿಡುತ್ತ ಕೂತಿತ್ತು. ಕರಗಿದ ಬ್ಲೋವರಿನ ಮೂತಿಯಲ್ಲಿ ಟವೆಲ್ಲು ಜೋತಾಡುತ್ತಿತ್ತು.

“ಮತ್ತ ಬೆಂಕಿ ಹಚ್ಚಿದ್ಯೇನೋ?” ಎಂದು ಸರಸ್ವತಿಬಾಯಿ ಸಿಲಿಂಡರಿನ ಕಡೆ ಧಾವಿಸಿದರು.

“ಓಡಿತ್ತಂದ್ರ ಒಂದ್ಸಲ ತಿರುಗಿಸಿ ತೋರಸ್ರಲ್ಲ,” ಎಂದರು ಗುರುಸಂಗಪ್ಪ, ನ್ಯಾಯ ಹೇಳುವವರ ಗತ್ತಿನಲ್ಲಿ.

ಜಯಂತ ಬಟ್ಟೆ ಹಿಡಿದು ಚಕ್ರಕ್ಕೆ ಕೈ ಹಾಕಿದ. ಅದು ಗುಡ್ಡದ ಬಂಡೆಯಷ್ಟೇ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಇನ್ನೊಮ್ಮೆ ಪ್ರಯತ್ನಿಸಿದ. ಯಾರೂ ನಗಲಿಲ್ಲ. ಅವರು ನಕ್ಕಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಮಕ್ತುಮಬಿ ನೆಲ ನೋಡಿದಳು. ಖಾದರ ಕೆಮ್ಮಿದ. ವಸುಧಾ ಹತ್ತಿರ ಬಂದು ಸೆರಗಿನ ತುದಿಯಿಂದ ಅವನ ಹುಬ್ಬಿದ್ದ ಜಾಗದ ಮಸಿ ಒರೆಸಿ, “ಇರ್ಲಿ ಬಿಡ್ರಿ. ಒಳಗ ಒಬ್ರ ಕೂತಿದ್ರಿ. ಆವಾಜ ಕೇಳಿ ಹಂಗ ಅನಿಸಿರ್ತದ,” ಎಂದಳು.

ಅಷ್ಟು ಮೆತ್ತಗೆ ಅವಳು ಮಾತಾಡಿ ಬಹಳ ದಿನವಾಗಿತ್ತು. ಜಯಂತ ಬಗ್ಗಿ ಉಳಿದ ಬೋಲ್ಟುಗಳನ್ನು ಬಿಚ್ಚತೊಡಗಿದ.

ಎಂಜಿನ್ನು ಆರಿದ ಮೇಲೆ ಖಾದರನೂ ಅವನೂ ಅದನ್ನು ಗೋಣಿಚೀಲದಲ್ಲಿ ಎತ್ತಿ ಹೊರಗೆ ತಂದು ಟಂಟಂನಲ್ಲಿ ಇಟ್ಟರು. ಅಷ್ಟರಲ್ಲಿ ಓಣಿಯ ಉಳಿದ ಮಂದಿಯೂ ಸೇರಿದ್ದರು, ವಿಮಾನದ ಸುದ್ದಿ ಜೋರು ಹಿಡಿದಿತ್ತು. ವಿಮಾನದ ಬಾಲದ ಬಣ್ಣದ ಮೇಲೆ ಜಗಳ ಹತ್ತಿತ್ತು.

“ನೀಲಿ ಇತ್ತರಿ. ನಾ ಇಷ್ಟ ವರ್ಷ ಗಾಡಿ ಹೊಡದಾಂವ, ದೂರಿಂದನ ಬಣ್ಣ ಹಿಡೀತೀನಿ,” ಎನ್ನುತ್ತಿದ್ದರು ಗುರುಸಂಗಪ್ಪ.

“ನಿಮ್ಮ ಕಣ್ಣಿಗೆ ಮೋತಿಬಿಂದು ಆಗೇದ. ಹಾಲಿನಂಥಾ ಬಿಳೀದು,” ಎಂದರು ಸರಸ್ವತಿಬಾಯಿ.

“ಕೆಂಪ ಇತ್ತು,” ಎಂದ ಜಯಂತ.

ಎಲ್ಲರೂ ತಿರುಗಿ ನೋಡಿದರು.

“ಬಾಲ ಕೆಂಪ ಇತ್ತು. ಸಿಂಧೂರದ್ಹಾಂಗ. ನಾ ಭಾಳ ಹತ್ರದಿಂದ ನೋಡೀನಿ.”

ಗುರುಸಂಗಪ್ಪನವರು ಕನಿಕರದಿಂದ ಅವನ ಹೆಗಲ ಮೇಲೆ ಕೈ ಇಟ್ಟರು. “ಜಯಂತರಾವ್, ನೀವು ಶೆಡ್ಡಿನ್ಯಾಗ ಇದ್ರಿ. ಕಟ್ಟಿ ಮ್ಯಾಲೆ ನಿಂತ ನೋಡಿದವರು ನಾವು. ಕಾಣಲಾರದ್ದನ್ನ ಕಂಡೀನಿ ಅನಬಾರದ್ರಿ.”

“ಬಿಳೀದಪಾ, ಬಿಳೀದು,” ಎಂದರು ಸರಸ್ವತಿಬಾಯಿ.

ಖಾದರ ಕಿಕ್ಕು ಹೊಡೆದ, ಟಂಟಂ ಚಾಲೂ ಆಗಲಿಲ್ಲ. ಮತ್ತೆ ಹೊಡೆದ, ಕೆಮ್ಮಿ ಸುಮ್ಮನಾಯಿತು. “ಸಾಹೇಬ್ರ, ಸ್ವಲ್ಪ ಕೈ ಹಚ್ರಿ,” ಎಂದ.

“ಹಂಗಾದ್ರ ಬಿಳೀದ ಇರಬೇಕು ಬಿಡ್ರಿ,” ಎಂದು ಜಯಂತ ಟಂಟಂನ ಬೆನ್ನಿಗೆ ಎರಡೂ ಕೈ ಕೊಟ್ಟು ನೂಕತೊಡಗಿದ.